ಸಕ್ಕರೆ ಹಾಕದ ಬಟ್ಟಲು

ಖಡಕಿ ಬಜಾರ, ಪುಣೆ
೧೫ ಜೂನ್ ೨೦೨೫, ರವಿವಾರ

ಪ್ರೀತಿಯ ತಂಗಿ ನೀಲಿಮಾಗೆ,

ನಿನಗೂ ಬಸವಪ್ರಭು ಅವರಿಗೂ ಮಗಳಿಗೂ ಕರ್ತನ ಸಮಾಧಾನ ಇರಲಿ ಎಂದು ಬೇಡುತ್ತ ನಿನ್ನ ಇಮ್ಮಣ್ಣ ಬರೆಯುತ್ತಿದ್ದೇನೆ. ಅವ್ವನನ್ನು ಮಣ್ಣಿಗಿಟ್ಟು ಎರಡು ತಿಂಗಳಾಯಿತು. ಖರ್ಚಿನ ಲೆಕ್ಕ ಕಳಿಸು, ನನ್ನ ಪಾಲು ಕೊಡುತ್ತೇನೆ ಎಂದು ನೀನು ಗೋರಿಯ ಹತ್ತಿರವೇ ಹೇಳಿದ್ದೆ. ಇಷ್ಟು ತಡಮಾಡಿದ್ದಕ್ಕೆ ಕ್ಷಮಿಸು. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನನ್ನ ಬಾಯಿ ನಿನಗೆ ಗೊತ್ತು. ಸುಬೇದಾರನೊಬ್ಬನ ಸಮವಸ್ತ್ರದ ಎದೆಯ ಹೆಸರುಪಟ್ಟಿಯಲ್ಲಿ ಅಕ್ಷರ ತಪ್ಪಾಗಿ ಹೊಲಿದು, ತಪ್ಪು ಅವನ ಹೆಸರಿನಲ್ಲೇ ಇದೆ ಎಂದು ನಂಬಿಸಿ ದುಡ್ಡು ಎಣಿಸಿಕೊಂಡ ಬಾಯಿ ಇದು. ಕಾಗದದ ಮುಂದೆ ಇದರ ಆಟ ನಡೆಯುವುದಿಲ್ಲ.

ಮೊದಲು ಲೆಕ್ಕ. ಸ್ಕ್ಯಾನ್ ಮತ್ತು ಪರೀಕ್ಷೆ ಮೂವತ್ತೆಂಟು ಸಾವಿರದ ನಾಲ್ಕುನೂರು. ಆಸ್ಪತ್ರೆ, ಹನ್ನೊಂದು ದಿನಕ್ಕೆ, ಎರಡು ಲಕ್ಷ ಹದಿನಾರು ಸಾವಿರ. ಬಾಡಿಗೆ ಮಂಚ, ಗಾಳಿಯ ಹಾಸಿಗೆ ಒಂಬತ್ತೂವರೆ ಸಾವಿರ. ಔಷಧ ನಲವತ್ತೊಂದು ಸಾವಿರದ ಇನ್ನೂರು. ನರ್ಸಿಗೆ ಹದಿನೆಂಟು ಸಾವಿರ. ಪೆಟ್ಟಿಗೆ, ಗುಂಡಿ, ಬಂದವರ ಚಹಾ ಸೇರಿ ನಲವತ್ತಾರು ಸಾವಿರ. ಒಟ್ಟು ಮೂರು ಲಕ್ಷ ಅರವತ್ತೊಂಬತ್ತು ಸಾವಿರದ ನೂರು. ರಸೀದಿ ಇಲ್ಲದವೂ ಕೆಲವು ಇವೆ. ದಿನ, ನಲವತ್ತೇಳು. ಅವ್ವ ಹಲ್ಲು ಕಚ್ಚಿ ಹರಿದ ಟವೆಲ್ಲು, ಮೂರು. ಕಪ್ಪು ಒಣದ್ರಾಕ್ಷಿ, ಪಾವು ಕಿಲೋ. ಸಕ್ಕರೆ, ಎರಡು ಸಣ್ಣ ಚಮಚ. ಈ ಸಕ್ಕರೆಯನ್ನು ನಾನು ಎಲ್ಲೂ ಬರೆದಿರಲಿಲ್ಲ, ಇವತ್ತು ಬರೆಯುತ್ತಿದ್ದೇನೆ.

ನಿನ್ನ ಪಾಲು ಬೇಡ. ಯಾಕೆ ಬೇಡ ಎಂದು ಹೇಳುವುದಕ್ಕೇ ಈ ಪತ್ರ.

ಫೆಬ್ರವರಿ ಕೊನೆಗೆ ಪ್ಯಾಂಕ್ರಿಯಾಸಿನ ಕ್ಯಾನ್ಸರ್ ಎಂದು ಗೊತ್ತಾಯಿತು. ಕೊಯ್ಯುವ ಹಂತ ದಾಟಿದೆ, ಮನೆಗೆ ಕರಕೊಂಡು ಹೋಗಿ, ನೋವೊಂದನ್ನು ನೋಡಿಕೊಂಡರೆ ಸಾಕು ಎಂದರು ಡಾಕ್ಟರು. ಒಂದು ಎಂದು ಅವರು ಎಷ್ಟು ಸಲೀಸಾಗಿ ಅಂದರು! ನೋವು ಬಂದಾಗ ಅವ್ವ ಕೂಗುತ್ತಿರಲಿಲ್ಲ. ಮಂಚದ ಕಬ್ಬಿಣ ಹಿಡಿದು, ಕರ್ತನೇ ಕರ್ತನೇ ಎಂದು ಮೆಲ್ಲಗೆ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ಆ ಶಬ್ದ ಒಡೆದು ಬರೀ ಉಸಿರಾಗುತ್ತಿತ್ತು. ಕೂಗಿದ್ದರೆ ಚೆನ್ನಾಗಿತ್ತು. ಅಂಗಡಿಗೆ ಹೋಗಿ ಕೂತರೆ ಮೂರೂ ಹೊಲಿಗೆ ಮಷಿನ್ನುಗಳಲ್ಲಿ ನನಗೆ ಅದೇ ಕೇಳಿಸುತ್ತಿತ್ತು. ಗಿರಾಕಿ ಏನೋ ಅಳತೆ ಹೇಳಿದರೆ ನಾನು ಇನ್ನೇನೋ ಬರೆದುಕೊಳ್ಳುತ್ತಿದ್ದೆ. ನನ್ನಾಕೆ, ನಿನ್ನ ವೈನಿ, ಅಡುಗೆಮನೆಯಲ್ಲಿ ನೀರಿನ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು, ಅವ್ವನಿಗೆ ಕೇಳಬಾರದೆಂದು.

ವಾರಕ್ಕೆ ಎರಡು ಸಲ ಲೀಲಾಕ್ಷಿ ಎಂಬ ನರ್ಸು ಬರುತ್ತಿದ್ದಳು. ಉಡುಪಿ ಕಡೆಯವಳು, ಅವಳ ಅಣ್ಣನದು ಯೆರವಡಾದಲ್ಲಿ ಹೋಟೆಲು. ಅವಳೇ ಮಾರ್ಫಿನ್ ಗುಳಿಗೆ ಶುರು ಮಾಡಿಸಿದಳು. ಮೊದಲ ಎರಡು ವಾರ ಅವ್ವ ನುಂಗಿದಳು, ಮಲಗಿದಳು. ನಮಗೂ ಉಸಿರು ಬಂತು. ಆದರೆ ಗುಳಿಗೆಯ ಮಂಪರಿನಲ್ಲಿ ಒಂದು ದಿನ ಅವ್ವ ಲೀಲಾಕ್ಷಿಯ ಕೈ ಹಿಡಿದು, ನೀನೆಂದು ತಿಳಿದು, ಕಾಲು ತಾಸು ಮಾತಾಡಿದಳಂತೆ. ಎಚ್ಚರಾದಾಗ ಕುರ್ಚಿಯಲ್ಲಿ ಕೂತವಳು ನೀನಲ್ಲ ಎಂದು ಗೊತ್ತಾಗಿ ಗೋಡೆಯ ಕಡೆ ತಿರುಗಿದಳು. ಆ ದಿನದಿಂದ ಗುಳಿಗೆ ಬಂದ್.

“ಗುಳಿಗಿ ನುಂಗಿದ್ರ ಬಾಯಿ ನನ್ನ ಮಾತ ಕೇಳೂದಿಲ್ಲೋ ಇಮ್ಮಾ,” ಎಂದಳು. “ನೀಲಿ ಬಂದಾಗ ನನಗ ಎಚ್ಚರ ಇರಬೇಕು. ಇನ್ನೊಂದು ಮಾತು ಉಳದದ. ಅದು ಆಕಿಗೇ.”

ನಾನು ಬಿಡಲಿಲ್ಲ. ದಿನಾ ಜಗ್ಗಾಡಿದೆ. ಅವಳದು ಒಂದೇ ಉತ್ತರ: ಶಿಲುಬೆಗೆ ಹಾಕುವಾಗ ಕರ್ತನಿಗೂ ನೋವು ಮರೆಸುವ ರಸ ಕೊಟ್ಟಿದ್ದರು, ರುಚಿ ನೋಡಿ ಬೇಡ ಅಂದ. ಕರ್ತಂದು ಆರು ತಾಸಿನ ಲೆಕ್ಕವ್ವಾ, ನಿಂದು ತಿಂಗಳ ಮ್ಯಾಲಾತು ಎಂದೆ. ಆ ನೋವಿನಲ್ಲೂ ನಕ್ಕಳು. ನಿನ್ನ ಬಾಯಾಗ ಮಣ್ಣ ಹಾಕಲಿ ಎಂದು ಬೈದಳು. ಬೈದು ಮುಗಿಸುವಷ್ಟರಲ್ಲಿ ಮತ್ತೆ ಕಬ್ಬಿಣ ಹಿಡಿದಳು.

ಇತ್ತ ನೀನು, ಅವ್ವ ತಾನೇ ಕರೆದರೆ ಬರುತ್ತೇನೆ ಎನ್ನುತ್ತಿದ್ದೆ. ಅತ್ತ ಅವಳು, ಆಕೆ ತಾನೇ ಬರಲಿ ಎನ್ನುತ್ತಿದ್ದಳು. ತಳೇಗಾಂವದಿಂದ ಖಡಕಿಗೆ ಲೋಕಲ್ ಗಾಡಿಯಲ್ಲಿ ಮುಕ್ಕಾಲು ತಾಸು. ನಿಮ್ಮಿಬ್ಬರಿಗೆ ಹದಿನಾಲ್ಕು ವರ್ಷ ಹಿಡಿಯಿತು. ಲಿಂಗಾಯತರ ಮನೆಗೆ ಹೋದಿ ಎಂಬ ಅವ್ವನ ಸಿಟ್ಟು ಎರಡು ವರ್ಷದ್ದು ಅಷ್ಟೇ, ನೀಲಿ. ಉಳಿದ ಹನ್ನೆರಡು ಬರೀ ನಾಚಿಕೆ. ಅದನ್ನು ನಾನು ಆಗಲೇ ಬಂದು ನಿನಗೆ ಹೇಳಬೇಕಿತ್ತು. ಊರ ತುಂಬ ಮಾತಾಡುವವನಿಗೆ ಅದೊಂದು ಆಗಲಿಲ್ಲ.

ಕೊನೆಗೆ ಏಪ್ರಿಲ್ ಹನ್ನೆರಡು, ಶನಿವಾರ, ಅವ್ವ ಫೋನು ಕೇಳಿ ಇಸಕೊಂಡು “ಬಾ” ಎಂದಳಲ್ಲ, ನಿನಗೆ ಕೇಳಿಸಿದ್ದು ಅದೊಂದು ಶಬ್ದ. ಅದರ ಹಿಂದೆ ಅರ್ಧ ತಾಸು ಅವಳು ಉಸಿರು ಕೂಡಿಸಿಕೊಂಡಿದ್ದು ನನಗೆ ಮಾತ್ರ ಗೊತ್ತು. ರವಿವಾರ ಡ್ಯೂಟಿ ಅದ, ಸೋಮವಾರ ಜಯಂತಿ ರಜಾ, ಸೋಮವಾರ ಬರ್ತೀನಿ ಎಂದು ನೀನು ಹೇಳಿದಿ. ಫೋನು ಇಟ್ಟವಳೇ ಅವ್ವ, ಪಾಸ್ಟರಿಗೆ ಹೇಳಿ ಕಳಿಸು, ನಾಳೆ ಗರಿಗಳ ರವಿವಾರ, ನನಗೆ ಕರ್ತನ ಭೋಜನ ಬೇಕು ಎಂದಳು.

ಭೋಜನದ ರೊಟ್ಟಿಯ ಜೊತೆಗಿನ ದ್ರಾಕ್ಷಿರಸ ಮಾಡುವ ಕೆಲಸ ನನಗೇ ಬಂತು. ನಮ್ಮ ಕನ್ನಡ ಸಭೆ ನೀನು ಬಿಟ್ಟಾಗ ಹೇಗಿತ್ತೋ ಹಾಗೇ ಇದೆ. ಬೆಳಿಗ್ಗೆ ಮರಾಠಿಯವರದು, ಆಮೇಲೆ ತಮಿಳರದು, ಮಧ್ಯಾಹ್ನ ನಾಲ್ಕಕ್ಕೆ ನಮ್ಮ ಇಪ್ಪತ್ತೆರಡು ಮನೆಯವರದು. ಮೂವತ್ತೊಂದು ವರ್ಷ ಆ ಮೇಜಿನ ರಸ ಅವ್ವನ ಕೈಯದು. ಒಣದ್ರಾಕ್ಷಿ ಹಿಂದಿನ ದಿನ ನೆನೆಸಿ, ಸಣ್ಣ ಉರಿಯಲ್ಲಿ ಕುದಿಸಿ, ಬಿಳಿ ಮಲ್ ಬಟ್ಟೆಯಲ್ಲಿ ಸೋಸುವುದು. ಒಂದು ಕಾಳು ಸಕ್ಕರೆ ಹಾಕುವಂತಿಲ್ಲ. ಚಿಕ್ಕವಳಿದ್ದಾಗ ನೀನು ಹುಳಿ ಎಂದು ಮುಖ ಕಿವುಚಿದರೆ, ಕರ್ತನ ಬಟ್ಟಲು ಶರಬತ್ತಿನದಲ್ಲ ಎಂದು ಗದರುತ್ತಿದ್ದಳು, ನೆನಪಿದೆಯಾ?

ಶನಿವಾರ ದ್ರಾಕ್ಷಿ ತೊಳೆಯುವಾಗ ನಾನು ಸುಮ್ಮನೆ, ಹೋದ ತಿಂಗಳು ನಿನ್ನ ಪಾಲಿನ ಭೋಜನ ತಪ್ಪಿತಲ್ಲವ್ವಾ ಎಂದೆ. ಆಗ ಹೇಳಿದಳು. ಹದಿನಾಲ್ಕು ವರ್ಷದಿಂದ ತಾನು ತಗೊಂಡೇ ಇಲ್ಲ ಎಂದಳು. ಮಗಳ ಕೂಡ ಮನಸ್ಸು ಮುರಿದುಕೊಂಡವಳು ಯಾವ ಮುಖ ಇಟ್ಟುಕೊಂಡು ಆ ಮೇಜಿಗೆ ಹೋಗಲಿ ಎಂದಳು. ಎಲ್ಲರೂ ಮೊಣಕಾಲೂರಿದಾಗ ಅವಳು ಹಿಂದಿನ ಕೋಣೆಯಲ್ಲಿ ಬಟ್ಟಲು ತೊಳೆಯುತ್ತಿದ್ದಳು. ಇಪ್ಪತ್ತೆರಡು ಮನೆಯಲ್ಲಿ ಒಬ್ಬರಿಗೂ ತಿಳಿಯಲಿಲ್ಲ, ಅವಳ ಹೊಟ್ಟೆಯಲ್ಲಿ ಹುಟ್ಟಿದ ನನಗೂ ತಿಳಿಯಲಿಲ್ಲ. “ಬರ್ತೀನಿ ಅಂದ್ಲಲ್ಲ,” ಎಂದಳು, “ಈಗ ನಾ ಕುಡೀಬಹುದು.”

ಇನ್ನು ರವಿವಾರದ ಬೆಳಿಗ್ಗೆ. ಆ ಬೆಳಿಗ್ಗೆಯಷ್ಟು ಕೆಟ್ಟದ್ದನ್ನು ನಾನು ನೋಡಿಲ್ಲ. ಏಳು ಗಂಟೆಗೆ ಶುರುವಾಗಿದ್ದು ಒಂಬತ್ತೂವರೆಗೂ ಇಳಿಯಲಿಲ್ಲ. ಕರ್ತನೇ ಎನ್ನುವುದಕ್ಕೂ ಅವಳಿಗೆ ಬಲವಿರಲಿಲ್ಲ. ಮೂರನೆಯ ಟವೆಲ್ಲು ಹರಿದದ್ದು ಆಗ. ಗುಳಿಗೆ ತುಟಿಗೆ ಹಿಡಿದರೆ ತಲೆ ಅಲ್ಲಾಡಿಸಿದಳು, ಒಂದು ಬೆರಳೆತ್ತಿ ತೋರಿಸಿದಳು. ಇನ್ನೊಂದೇ ದಿನ ಎಂದು. ಲೀಲಾಕ್ಷಿಗೆ ಫೋನು ಮಾಡಿದೆ. “ಅವರಿಗೆ ಹೇಳದೆ ಕೊಡ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ, ಒಪ್ಸಿ ಕೊಡಿ,” ಎಂದಳು. ಒಪ್ಪಿಸುವುದು ನನ್ನ ಕಸುಬು. ಆ ಕಸುಬು ಅವತ್ತು ಕೈಕೊಟ್ಟಿತು.

ರಸ ಸೋಸುತ್ತ ನಿಂತಿದ್ದೆ. ಗುಳಿಗೆಯ ಡಬ್ಬಿ ಮಸಾಲೆ ಡಬ್ಬಿಯ ಪಕ್ಕದಲ್ಲೇ ಇತ್ತು. ಲೆಕ್ಕ ಹಾಕಿದೆ ನೀಲಿ, ಸುಳ್ಳು ಹೇಳುವುದಿಲ್ಲ. ಹನ್ನೊಂದಕ್ಕೆ ಕುಡಿದರೆ ಸಂಜೆಗೆ ಇಳಿಯುತ್ತದೆ, ಸೋಮವಾರ ನೀನು ಬರುವಷ್ಟರಲ್ಲಿ ಎದ್ದು ಕೂತಿರುತ್ತಾಳೆ, ಒಂದು ದಿನದ ನಿದ್ದೆಯಿಂದ ಮಾತಾಡಲು ತ್ರಾಣವೂ ಬರುತ್ತದೆ. ಚಮಚದ ಬೆನ್ನಿನಿಂದ ಗುಳಿಗೆ ಪುಡಿ ಮಾಡಿದೆ. ಡಾಕ್ಟರು ಬರೆದದ್ದು ಒಂದು. ನಾನು ಹಾಕಿದ್ದು ಎರಡು. ನಾಲಿಗೆಗೆ ಹಚ್ಚಿ ನೋಡಿದೆ, ವಿಷದಷ್ಟು ಕಹಿ. ಅದಕ್ಕೆ ಸಕ್ಕರೆ ಹಾಕಿದೆ. ಅಂಚು ಒಡೆದ ಒಂದು ಸಣ್ಣ ಬಟ್ಟಲು ಇತ್ತಲ್ಲ, ಗುರುತಿಗೆ ಅದರಲ್ಲಿ ಸುರಿದು ತಾಟಿನ ತುದಿಗೆ ಇಟ್ಟೆ.

ಪಾಸ್ಟರ್ ಹನೋಕ ಹನ್ನೊಂದಕ್ಕೆ ಬಂದರು. ಕೈಯಲ್ಲಿ ಖರ್ಜೂರದ ಗರಿ ಕೊಟ್ಟರು, ರೊಟ್ಟಿ ಮುರಿದರು, ಪ್ರಾರ್ಥನೆ ಮಾಡಿದರು. ಅವ್ವನನ್ನು ದಿಂಬಿಗೆ ಒರಗಿಸಿ ಬಟ್ಟಲು ನಾನೇ ಹಿಡಿದೆ. ಹದಿನಾಲ್ಕು ವರ್ಷ ಬಿಟ್ಟು ಅವಳು ಕುಡಿದದ್ದು ಅದನ್ನು. ಅರ್ಧ ತಾಸಿಗೆ ಕಬ್ಬಿಣ ಬಿಟ್ಟಳು, ಮುಖದ ಗಂಟುಗಳು ಒಂದೊಂದಾಗಿ ಸಡಿಲಾದವು. ದೇವರ ಕೃಪೆ ಎಂದರು ಪಾಸ್ಟರು. ನಾನು ಆಮೆನ್ ಎಂದೆ.

ಸೋಮವಾರ ಹತ್ತೂವರೆಗೆ ನೀನು ಬಂದೆ. ಜಯಂತಿ ಮೆರವಣಿಗೆಯ ಡೋಲು ಬಜಾರದ ತುಂಬ ಮೊಳಗುತ್ತಿತ್ತು, ಅವ್ವ ಅದಕ್ಕೂ ಕಣ್ಣು ತೆರೆಯಲಿಲ್ಲ. ಅವ್ವಾ, ನೀಲಿ ಬಂದೀನಿ ಎಂದು ನೀನು ಕಿವಿಯಲ್ಲಿ ಎಷ್ಟು ಸಲ ಹೇಳಿದಿ ಎಂದು ನಾನು ಎಣಿಸಿದ್ದೇನೆ. ಎಷ್ಟು ಎಂದು ಬರೆಯುವುದಿಲ್ಲ. ರೋಗ ಇಷ್ಟ ಏರೇದೇನಣ್ಣಾ ಎಂದು ಕೇಳಿದಿ, ಹೌದು ಎಂದೆ. ರೋಗವಲ್ಲ, ನೀಲಿ. ನಾನು. ಸಂಜೆ ನಾಲ್ಕಕ್ಕೆ ರೆಪ್ಪೆ ಅಲ್ಲಾಡಿಸಿದಳು, ನಿನ್ನ ಕಡೆ ನೋಡಿದಂತೆ ಇತ್ತು, ಮಾತು ಬರಲಿಲ್ಲ. ಮತ್ತೆ ಮುಚ್ಚಿದಳು. ಐದೂವರೆಗೆ ನೀನು ಗಾಡಿಗೆ ಹೋದೆ. ಮಂಗಳವಾರ ಮಧ್ಯಾಹ್ನ ನಮ್ಮ ಪಾಲಿಗೆ ಅವ್ವ ಮುಗಿದಳು. ಗುಳಿಗೆಯಿಂದ ಜೀವ ಹೋಗಲಿಲ್ಲ, ಹೊರಟೇ ನಿಂತಿದ್ದರು ಎಂದು, ನಾನು ಎಲ್ಲ ಹೇಳಿಕೊಂಡ ಮೇಲೆ, ಲೀಲಾಕ್ಷಿ ಆಣೆ ಮಾಡಿ ಹೇಳುತ್ತಾಳೆ. ಜೀವದ ಮಾತು ಬಿಡು. ನಾನು ಕಳೆದದ್ದು ಆ ಸೋಮವಾರವನ್ನು.

ಇನ್ನೊಂದು, ನಿನಗೆ ಸೇರಬೇಕಾದದ್ದು. ಅವ್ವ ನೀನೆಂದು ತಿಳಿದು ಹೇಳಿದ್ದೇನು ಎಂದು ಲೀಲಾಕ್ಷಿಯನ್ನು ಗೋಗರೆದು ಕೇಳಿದೆ. ಮದುವೆಗೆ ನೀನು ಕಳಿಸಿದ ಹಸಿರು ಇಳಕಲ್ ಸೀರೆಯನ್ನು ಅವಳು ತಿರುಗಿ ಕಳಿಸಿದ್ದಳಲ್ಲ, ಮಡಿಕೆ ಬಿಚ್ಚದೆ ಕಳಿಸಿದಳೆಂದು ನಾವೆಲ್ಲ ತಿಳಿದಿದ್ದೆವು. ಹಾಗಲ್ಲವಂತೆ. ಬಾಗಿಲು ಹಾಕಿಕೊಂಡು ಒಮ್ಮೆ ಉಟ್ಟಳಂತೆ, ಕನ್ನಡಿಯಲ್ಲಿ ನೋಡಿಕೊಂಡಳಂತೆ, ಭಾಳ ಚೊಲೋ ಇತ್ತು ನೀಲಿ ಎಂದಳಂತೆ. ಆಮೇಲೆ ಹಳೆಯ ಗೆರೆಯ ಮೇಲೇ ಮಡಚಿ ಕಳಿಸಿದಳಂತೆ. ಲೀಲಾಕ್ಷಿಗೆ ಗೊತ್ತಿದ್ದದ್ದು ಇಷ್ಟೇ. ಉಳಿದ ಆ ಇನ್ನೊಂದು ಮಾತು ಏನು ಎಂದು ಯಾರಿಗೂ ಗೊತ್ತಿಲ್ಲ. ನನ್ನನ್ನು ಕೇಳಬೇಡ.

ಸಭೆಗೆ ಈಗ ಅಂಗಡಿಯ ಬಾಟ್ಲಿ ರಸ ತರುತ್ತಾರೆ. ಮಕ್ಕಳಿಗೆ ಹಿಡಿಸಿದೆ. ವೈನಿಗೆ ಮೊಣಕಾಲು ನೋವು, ಅಂಗಡಿ ನಡೆಯುತ್ತಿದೆ. ಆ ಸೀರೆ ನಿನ್ನ ಹತ್ತಿರ ಇದ್ದರೆ ಉಡು. ಅವ್ವ ಉಟ್ಟದ್ದು ಅದು. ಅವಳ ದೇವರು ನಿನ್ನ ಮನೆಯ ಹೊಸ್ತಿಲು ಕಾಯಲಿ, ನಿನ್ನ ಮಗಳು ನಿನ್ನ ಕೂಡ ಯಾವತ್ತೂ ಮಾತು ಬಿಡದಿರಲಿ.

ಇಂತಿ ನಿನ್ನ ಅಣ್ಣ,
ಇಮಾನುವೇಲ

ತಾ.ಕ.: ಸಹಿ ಹಾಕಿ ಮಡಚಿದ್ದೆ, ಮತ್ತೆ ಬಿಚ್ಚಿದೆ. ಒಂದು ಬಿಟ್ಟಿದ್ದೇನೆ. ಮೊದಲ ಗುಟುಕು ಕುಡಿದು ಅವ್ವ ಅದನ್ನು ಬಾಯಲ್ಲೇ ಹಿಡಿದಳು, ನುಂಗಿದಳು, ನನ್ನ ಮುಖ ನೋಡಿದಳು. ಪಾಸ್ಟರು ಕಣ್ಣು ಮುಚ್ಚಿದ್ದರು. “ಸಕ್ಕರಿ ಹಾಕಿದಿ,” ಎಂದಳು. ಕೇಳಿದ್ದಲ್ಲ, ಹೇಳಿದ್ದು. ಹೌದವ್ವಾ ಎಂದಿದ್ದರೆ ಬಟ್ಟಲು ಅಲ್ಲಿಗೇ ನಿಲ್ಲುತ್ತಿತ್ತು, ಮರುದಿನ ನಿನ್ನ ಕೂಡ ಮಾತಾಡುತ್ತಿದ್ದಳು. “ಇಲ್ಲವ್ವಾ,” ಎಂದೆ. “ಹೂಂ. ನೀ ಇಲ್ಲಂದ್ರ ಇಲ್ಲ,” ಎಂದು ಉಳಿದದ್ದನ್ನೂ ಕುಡಿದಳು. ನಂಬಿ ಕುಡಿದಳೋ, ಗೊತ್ತಿದ್ದೂ ಕುಡಿದಳೋ, ಎರಡು ತಿಂಗಳಿಂದ ಕೂಡಿಸಿ ಕಳೆದು ನೋಡುತ್ತಿದ್ದೇನೆ, ತಾಳೆಯಾಗುತ್ತಿಲ್ಲ.

ಯಾರಿಗೇನು ಸಿಕ್ಕಿತು ಎಂಬುದು ಮಾತ್ರ ತಾಳೆಯಾಗುತ್ತದೆ. ಪಾಸ್ಟರಿಗೆ, ಒಂದು ಪ್ರಾರ್ಥನೆ ಕಣ್ಣೆದುರೇ ಫಲಿಸಿದ ಸಂತೋಷ. ಲೀಲಾಕ್ಷಿಗೆ, ನಿನ್ನ ಸೀರೆಯ ಮಾತು. ಅವ್ವನಿಗೆ, ಇಪ್ಪತ್ತೊಂಬತ್ತು ತಾಸು ನೋವಿಲ್ಲದ ನಿದ್ದೆ. ನನಗೆ, ಆ ರವಿವಾರ ರಾತ್ರಿ ಪೂರ್ತಿ ನಿದ್ದೆ. ನಿನಗೆ, ಏಳು ತಾಸು ಅವ್ವನ ಕೈ.