ಹಂಡೆಯ ಒಳಬದಿ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಕಪ್ಪೆಮರಿ,

ನಲವತ್ತು ದಾಟಿದವಳನ್ನು ಹೀಗೆ ಕರೆಯಬಾರದು, ಗೊತ್ತು. ಆದರೆ ಬಚ್ಚಲ ಹಂಡೆಯೊಳಗೆ ಇಳಿದು ತಿಕ್ಕುತ್ತ, ಅಲ್ಲಿಂದಲೇ ಕೂಗು ಹಾಕುತ್ತಿದ್ದ ಹುಡುಗಿಗೆ ಅಪ್ಪ ಇಟ್ಟ ಹೆಸರು ಅದು. ಬದಲಿಸಲು ನಾನ್ಯಾರು? ಫೋನ್ ಮಾಡಬಹುದಿತ್ತು. ಅಮ್ಮನ ವಿಷಯ ತೆಗೆದೊಡನೆ "ಆಮೇಲೆ ಮಾತಾಡ್ತೀನಿ ಅಕ್ಕ" ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ನೀನು ಅಷ್ಟು ಸುಲಭವಾಗಿ ಕೆಳಗಿಡಲಾರೆ ಎಂದು ನಂಬಿ ಬರೆಯುತ್ತಿದ್ದೇನೆ.

ಗ್ಯಾಲರಿಯ ಮೇಲ್ವಿಚಾರಕಿ ನಿನಗೆ ಆಗಲೇ ಹೇಳಿರುತ್ತಾರೆ, ಯಾರೋ ಮುದುಕಿ ನಿನ್ನ ಕೃತಿಗೆ ಕೈಹಾಕಿ ಹಾಳುಮಾಡಿದಳೆಂದು. ಆ ಮುದುಕಿ ನಮ್ಮಮ್ಮ. ನಾನು ಪಕ್ಕದಲ್ಲೇ ಇದ್ದೆ. ಹಂಡೆಯನ್ನು ಹಾಗೇ ಇಡುವುದೋ, ಪ್ರದರ್ಶನ ಮುಚ್ಚುವುದೋ, ದೂರು ಕೊಡುವುದೋ, ನಿನ್ನ ಮಾತಿಗೆ ಕಾಯುತ್ತಿದ್ದಾರೆ. ಇದನ್ನು ಓದಿದ ಮೇಲೆ ಹೇಳು.

ನಿನ್ನೆ ಬೆಳಿಗ್ಗೆ ಅಮ್ಮ, ಎಲ್ಲಾದರೂ ಹೋಗಿ ಬರೋಣ ಎಂದಳು. ಧೈರ್ಯ ಮಾಡಿ ನಿನ್ನ ಪ್ರದರ್ಶನದ ಹೆಸರೆತ್ತಿದೆ. "ಹಂಡೆ ಎತ್ಕೊಂಡು ಹೋದೋಳ ಹತ್ರ ನಂಗೇನು ಕೆಲ್ಸ" ಎಂದಳು. ಹಾಗೆನ್ನುತ್ತಲೇ ಚಪ್ಪಲಿ ಮೆಟ್ಟಿಕೊಂಡಳು. ಬಸ್ಸಿಳಿದು ನಾನು ದಾರಿ ಕೇಳಬೇಕೆನ್ನುವಷ್ಟರಲ್ಲಿ ಅವಳು ಎಡಕ್ಕೆ ತಿರುಗಿ ನಡೆಯುತ್ತಿದ್ದಳು. ನಮ್ಮ ಅದೃಷ್ಟಕ್ಕೆ ಅದೇ ಸರಿಯಾದ ದಾರಿಯಾಗಿತ್ತು.

ಅಪ್ಪ ಹೋದ ಮೇಲೆ ಹಂಡೆ ಮಾರಲು ಅಮ್ಮ ಗುಜರಿಯವನನ್ನು ಕರೆಸಿದ ದಿನ ನೀನು ಮರೆತಿಲ್ಲ. "ಅಪ್ಪನ್ನೂ ತೂಕಕ್ಕೆ ಹಾಕ್ಬಿಡು" ಎಂದು ನೀನು ಕೂಗಿ, ಹಂಡೆಯನ್ನು ಗೆಳೆಯರ ವ್ಯಾನಿಗೆ ಏರಿಸಿಕೊಂಡು ಹೋದೆ. ಅಮ್ಮ ತಿರುಗಿ ಒಂದು ಮಾತಾಡಲಿಲ್ಲ, ಆ ದಿನವೂ, ಆಮೇಲೂ. ದಿನಾ ಬೆಳಿಗ್ಗೆ ಹಂಡೆಗೆ ಉರಿ ಹಾಕುತ್ತಿದ್ದುದು ಅಪ್ಪ. ನೀನು ನೋಡದಿದ್ದದ್ದು ಇಷ್ಟು: ಅಪ್ಪ ಹೋದ ಮೇಲೆ, ತಣ್ಣನೆಯ ಒಲೆಯ ಮೇಲೆ ಅದು ಕೂತಿರುವುದನ್ನು ನೋಡಲಾಗದೆ ಅಮ್ಮ ಅಡುಗೆಮನೆಯ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದಳು. ಸ್ನಾನಕ್ಕೆ ನಮ್ಮ ಮನೆಗೆ ಬರುತ್ತಿದ್ದಳು. ಯಾರಿಗೂ ಹೇಳಬೇಡ ಎಂದಿದ್ದಳು, ನಾನೂ ಹೇಳಿರಲಿಲ್ಲ.

ಇನ್ನು ನಿನ್ನ ಕೆಲಸ. ಆ ಉದ್ದನೆಯ ಕತ್ತಲ ಕೋಣೆಯ ನಡುವೆ ನೀರು ತುಂಬಿದ ನಮ್ಮ ಹಂಡೆ. ಚಾವಣಿಯಿಂದ ಹನಿ ಬಿದ್ದಾಗಲೆಲ್ಲ ಅಲೆಯ ಬೆಳಕು ಗೋಡೆ ಹತ್ತುತ್ತಿತ್ತು. ಹಂಡೆಯ ಒಳಗೂ ಹೊರಗೂ ನೀನು ಬೆಳೆಯಲು ಬಿಟ್ಟ ಹಸಿರು ಕಿಲುಬು. ನದಿ ಬಿಟ್ಟುಹೋದ ಮನೆಯ ಬಣ್ಣ ಇದು ಎಂದು ಗೋಡೆಯ ಮೇಲೆ ಬರೆದಿದ್ದೀಯ. ಸ್ಪೀಕರಿನಲ್ಲಿ ನಿನ್ನ ದನಿ: ಸೊಸೆಯಾಗಿ ಬಂದ ನದಿ, ಎಲ್ಲಿಗೆ ಹೊರಟೆ ಎಂದು ಯಾರೂ ಕೇಳಬಾರದೆಂಬ ಅವಳ ಕರಾರು, ಒಂದು ದಿನ ಯಾರೋ ಕೇಳಿದ್ದು, ಅವಳು ಎದ್ದು ಹೋದದ್ದು. ನಾನು ಕಣ್ಣು ಮುಚ್ಚಿ ಕೇಳುತ್ತ ನಿಂತೆ.

ಅಮ್ಮ ಮಾತ್ರ, "ಕಥೆ ಅರ್ಧಕ್ಕೇ ನಿಲ್ಲಿಸಿದಾಳೆ" ಎಂದಳು.

ನಿಜ ಕಣೇ. ಅಮ್ಮ ನಮ್ಮ ತಲೆಗೆ ನೀರು ಹೊಯ್ಯುತ್ತ ಹೇಳುತ್ತಿದ್ದ ಕಥೆಯಲ್ಲಿ ನದಿ ಹೊಸಿಲಲ್ಲಿ ತಿರುಗಿ ನಿಲ್ಲುತ್ತಾಳೆ. ಮನೆಯ ಒಂದೊಂದು ಪಾತ್ರೆಯಲ್ಲೂ ಒಂದು ಬೊಗಸೆ ತನ್ನನ್ನು ಬಿಟ್ಟು ಹೋಗುತ್ತಾಳೆ. ಅದಕ್ಕೇ ಅಮ್ಮ ದಿನಾ ಮೊದಲ ಬೊಗಸೆ ನೀರನ್ನು ಎತ್ತಿ ಮತ್ತೆ ಹಂಡೆಗೇ ಬಿಡುತ್ತಿದ್ದದ್ದು, ಉಳಿದುಕೊಂಡವಳನ್ನು ಮಾತಾಡಿಸಿದ ಹಾಗೆ. ಕಣ್ಣಿಗೆ ಸೋಪು ಹೋಯಿತೆಂದು ಕಿರುಚುತ್ತಿದ್ದ ನಿನಗೆ ಆ ಭಾಗ ಕೇಳಿಸಿತ್ತೋ ಇಲ್ಲವೋ.

ಅಮ್ಮ ಹಂಡೆಯ ಸುತ್ತ ಕಟ್ಟಿದ್ದ ಹಗ್ಗದಡಿ ಬಗ್ಗಿ ಒಳಗೆ ಹೋದಳು. ಒಂದು ಬೊಗಸೆ ಎತ್ತಿದಳು, ಮೆಲ್ಲನೆ ಬಿಟ್ಟಳು. ಆಮೇಲೆ ಚೀಲದಿಂದ ಅರ್ಧ ನಿಂಬೆಹಣ್ಣು, ಉಪ್ಪಿನ ಪೊಟ್ಟಣ ತೆಗೆದು ಹಂಡೆಯ ಬಾಯಂಚನ್ನು ತಿಕ್ಕತೊಡಗಿದಳು. ಕಾವಲಿನ ಹೆಂಗಸು ಓಡಿ ಬಂದು ಅಜ್ಜಿ, ಮುಟ್ಟಬಾರದು ಎಂದರೆ, "ನಮ್ಮನೆ ಹಂಡೆ ಕಣಮ್ಮ. ನೀನು ಮುಟ್ಬೇಡ, ಕೈಯೆಲ್ಲ ಹಸಿರಾಗುತ್ತೆ" ಎಂದಳು. ನೋಡಲು ಬಂದವರು ಇದೂ ಕೃತಿಯ ಭಾಗವೆಂದು ಭಕ್ತಿಯಿಂದ ನಿಂತುಬಿಟ್ಟರು. ಒಬ್ಬಾತ ನನ್ನ ಕಿವಿಯಲ್ಲಿ, ಇದು ದಿನಾ ಎಷ್ಟು ಹೊತ್ತಿಗೆ ಇರುತ್ತೆ ಎಂದು ಕೇಳಿದ. ನಾನು ಅಮ್ಮನ ತೋಳು ಹಿಡಿಯಬಹುದಿತ್ತು. ಹಿಡಿಯಲಿಲ್ಲ.

ಅಂಚಿನ ಸುತ್ತ ತಾಮ್ರದ ಕೆಂಪು ಬಳೆಯ ಹಾಗೆ ಎದ್ದಿತು. ಅಷ್ಟಕ್ಕೆ ಅಮ್ಮ ಕೈ ಒರೆಸಿಕೊಂಡಳು. ಓಡಿಬಂದ ಮೇಲ್ವಿಚಾರಕಿ, ಏನು ಮಾಡಿದ್ದೀರಿ ಗೊತ್ತೇ ಎಂದು ಕೇಳಿದರು. ಅಮ್ಮ ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ: "ಗೊತ್ತು. ನನ್ನ ಕೈಗೆ ಎಟುಕಿದ್ದು ಇಷ್ಟೇ. ಒಳಗಡೆದು ಅವಳೇ ಬಂದು ತಿಕ್ಕಲಿ. ಮೊದಲಿಂದ್ಲೂ ಅದು ಅವಳ ಕೆಲ್ಸ."

ನಿನ್ನ ಶ್ರಮಕ್ಕೆ ಪೆಟ್ಟು ಬಿದ್ದಿದೆ. ಅಷ್ಟು ಕಾದು ಬೆಳೆಸಿದ ಹಸಿರು ಮತ್ತೆ ಬರುವುದಿಲ್ಲ. ಸಿಟ್ಟಾಗಬೇಡ ಎಂದು ನಾನು ಹೇಳುವುದಿಲ್ಲ. ಬಂದು, ಅಮ್ಮನ ಎದುರು ನಿಂತು ಸಿಟ್ಟಾಗು. ಆ ಜಗಳದ ನಂತರ ಅವಳು ನಿನ್ನನ್ನು ಕರೆದಿರುವುದು ಇದೇ ಮೊದಲು. ಅವಳು ಕರೆಯುವ ರೀತಿಯೇ ಹಾಗೆ, ಏನು ಮಾಡೋಣ.

ನಿನ್ನ ದಾರಿ ನೋಡುವ
ಅಕ್ಕ

ತಾ.ಕ.: ಹೊರಡುವಾಗ ಕಾವಲಿನ ಹೆಂಗಸು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದನ್ನು ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಯೋಚಿಸಿದೆ. ಈ ಅಜ್ಜಿ ವಾರವಾರ ಬರುತ್ತಾರಂತೆ, ಒಬ್ಬರೇ. ನಿನ್ನೆಯವರೆಗೆ ಹಂಡೆಯ ಹತ್ತಿರ ಸುಳಿದವರಲ್ಲವಂತೆ. ಸ್ಪೀಕರಿನ ಕೆಳಗಿನ ಬೆಂಚಿನಲ್ಲಿ ಕೂತು ನಿನ್ನ ದನಿ ಕೇಳುತ್ತಾರಂತೆ. ಕಥೆ ಮುಗಿದ ಮೇಲೆ, ಅದು ಮತ್ತೆ ಮೊದಲಿನಿಂದ ಶುರುವಾಗಲೆಂದು ಕಾಯುತ್ತಾರಂತೆ.