ನಾಲ್ಕು ಗಂಟೆ, ನಾಲ್ಕೂವರೆ

ಮೇ 6, ಸೋಮವಾರ

ಇವತ್ತು ಮೂವತ್ತೆಂಟು ಮಲದ ಡಬ್ಬಿ, ಹೊಟ್ಟೆಹುಳದ ಪರೀಕ್ಷೆಗೆ. ಶಾಲೆಯ ಜಗಲಿಯಲ್ಲಿ ಕೂತು ಒಂದೊಂದನ್ನೂ ಜರಡಿಗೆ ಒತ್ತಿ, ಗಾಜಿಗೆ ಬಳಿದು, ಮೇಲೆ ಗ್ಲಿಸರಿನ್ ಹಾಳೆ ಅಂಟಿಸಿದೆ. ಅದೇ ಡಬ್ಬಿಯಿಂದ ಒಂದು ಚಮಚ ತೆಗೆದು ಸ್ಪಿರಿಟ್ ತುಂಬಿದ ಕೊಳವೆಗೆ — ಅದು ಹೊಸ ಪಿಸಿಆರ್ ಯಂತ್ರಕ್ಕೆ. ಹುಳದ ಡಿಎನ್ಎ ಹುಡುಕುತ್ತದಂತೆ. ಯಂತ್ರ ಎಷ್ಟು ನಿಜ ಹೇಳುತ್ತದೆ ಅಂತ ಈಗ ಪರೀಕ್ಷೆ.

ಗಾಜನ್ನು ಸೂಕ್ಷ್ಮದರ್ಶಕದಲ್ಲಿ ನೋಡುವವರು ಹಮಾದಿ ಮೇಷ್ಟ್ರು. ಬೆಳಿಗ್ಗೆ ಪೇಟೆಯ ಲ್ಯಾಬಿನಲ್ಲಿ ಅವರಿಗೆ ಇನ್ನೊಂದು ಕೆಲಸ. ಬಂದದ್ದು ಬಿಸಿಲು ಇಳಿದ ಮೇಲೆ.

"ಏನಮ್ಮ ಮಿಜೆ, ಶಾಲೆ ಬಿಟ್ಟು ಓಡಿದವಳು ಕೊನೆಗೆ ಶಾಲೆಗೇ ಬಂದೆ, ಕಕ್ಕ ಸೋಸೋಕೆ!"

"ನಾನು ಸೋಸ್ತೀನಿ, ನೀವು ಇಣುಕಿ ನೋಡ್ತೀರಿ. ಏನು ದೊಡ್ಡ ವ್ಯತ್ಯಾಸ ಮೇಷ್ಟ್ರೇ?"

ಒಂದು ಡಬ್ಬಿ ಅಕ್ಕನದು. ಏಳು ತಿಂಗಳ ಬಸುರಿ. ರಕ್ತದ ಹಿಮೋಗ್ಲೋಬಿನ್ ಏಳಕ್ಕಿಂತ ಕಡಿಮೆ. ಬಾವಿಯಿಂದ ಮನೆಗೆ ಬರುವಷ್ಟರಲ್ಲಿ ಮೂರು ಸಲ ಕೂರುತ್ತಾಳೆ.

ಮೇ 9

ಅಕ್ಕನ ಚೀಟಿ ಬಂತು. "ಸಾಫಿ." ಶುದ್ಧ. ಹುಳ ಇಲ್ಲ.

ಹಾಗಾದರೆ ರಕ್ತ ಎಲ್ಲಿ ಹೋಗುತ್ತಿದೆ?

ಮೇ 27

ಯಂತ್ರದ ಫಲ. ಕರುಳಲ್ಲಿ ರಕ್ತ ಹೀರುವ ಕೊಕ್ಕೆಹುಳ — ಹದಿನೇಳು ಜನಕ್ಕೆ. ಮೇಷ್ಟ್ರ ಗಾಜಿನಲ್ಲಿ ಇಬ್ಬರಿಗೆ ಮಾತ್ರ. ಹದಿನೇಳರಲ್ಲಿ ಅಕ್ಕನೂ ಇದ್ದಾಳೆ.

ಈ ಪರೀಕ್ಷೆ ನಡೆಸುವ ಡಾಕ್ಟರ್ ರುಕಿಯಾ ದಾರ್ ಎಸ್ ಸಲಾಮಿನಿಂದ ಬಂದಿದ್ದರು. ಬರೆದುಕೊಂಡದ್ದು: ಯಂತ್ರದ ತಪ್ಪು, ಹದಿನೈದು.

"ಅಷ್ಟೂ ತಪ್ಪು ಅಂತ ಹೇಗೆ ಗೊತ್ತು ಡಾಕ್ಟರಮ್ಮ?"

"ಗಾಜಲ್ಲಿ ಮೊಟ್ಟೆ ಇರಲಿಲ್ವಲ್ಲ. ಅಳೆಯೋ ಕೋಲೇ ಅದು, ಕಣೇ."

ಕೋಲೇ ಮುರಿದಿದ್ದರೆ? ಕುರುಡನನ್ನು ಸಾಕ್ಷಿಗೆ ನಿಲ್ಲಿಸಿ, ಕಣ್ಣಿದ್ದವನನ್ನು ಸುಳ್ಳ ಅನ್ನುವುದು.

ಸಂಜೆ ಅಕ್ಕನಿಗೆ ಹುಳದ ಮಾತ್ರೆ ತಂದುಕೊಟ್ಟೆ. ಮುಟ್ಟಲಿಲ್ಲ.

"ಚೀಟೀಲಿ ಸಾಫಿ ಅಂತ ಇದೆ. ಹೊಟ್ಟೇಲಿರೋ ಕೂಸಿಗೆ ಯಾಕೆ ವಿಷ? ಕಾಗದ ತಗೊಂಡು ಬಾ, ನುಂಗ್ತೀನಿ. ನಿನ್ನ ಬಾಯಿಮಾತಿಗೆ ನುಂಗಲ್ಲ."

ಮೊಂಡಿ. ನನ್ನ ಅಕ್ಕನೇ.

ಮೇ 29

ಇವತ್ತು ಒಂದು ಕಳ್ಳಕೆಲಸ. ಅಕ್ಕನ ಹೊಸ ಡಬ್ಬಿಯಿಂದ ಗಾಜು ಮಾಡಿ, ಆಗಲೇ ಸೂಕ್ಷ್ಮದರ್ಶಕಕ್ಕೆ ಇಟ್ಟೆ. ಮೊಟ್ಟೆ ಇವೆ! ತೆಳ್ಳನೆ ಸಿಪ್ಪೆ, ಒಳಗೆ ನಾಲ್ಕು ಕಾಳಿನ ಹಾಗೆ. ಹನ್ನೊಂದು ಎಣಿಸಿದೆ. ಗಾಜನ್ನು ಅಲ್ಲೇ ಬಿಟ್ಟು ಊಟಕ್ಕೆ ಹೋಗಿ ಬಂದೆ. ಒಂದೂ ಇಲ್ಲ. ಗ್ಲಿಸರಿನ್ ಕರಗಿಸಿಬಿಟ್ಟಿದೆ.

ಗೋಡೆಗೆ ಅಂಟಿಸಿದ ಕಾಗದದಲ್ಲೇ ಇದೆ — ಕೊಕ್ಕೆಹುಳಕ್ಕೆ ಅರ್ಧ ಗಂಟೆಯೊಳಗೆ ನೋಡಿ. ಒಂದು ವರ್ಷದಿಂದ ಅದರ ಕೆಳಗೇ ಕೂತಿದ್ದೇನೆ. ಓದಿರಲಿಲ್ಲ. ನನ್ನ ಮೇಲೇ ಸಿಟ್ಟು ಬಂತು.

ಲ್ಯಾಬ್ ಪುಸ್ತಕ ತೆಗೆದೆ. ಆರನೇ ತಾರೀಕು. ತಯಾರಿ, ನನ್ನ ಅಕ್ಷರ: 4:00. ನೋಡಿದ್ದು, ಮೇಷ್ಟ್ರ ಅಕ್ಷರ: 4:30. ಅರ್ಧ ಗಂಟೆ. ಎಷ್ಟು ಚೆಂದ!

ನನ್ನ ನಾಲ್ಕು ನಮ್ಮ ದ್ವೀಪದ ನಾಲ್ಕು — ಸೂರ್ಯ ಹುಟ್ಟಿ ನಾಲ್ಕು ಗಂಟೆ. ಗಡಿಯಾರದಲ್ಲಿ ಬೆಳಿಗ್ಗೆ ಹತ್ತು. ಮೇಷ್ಟ್ರು ಹೊರದೇಶದಲ್ಲಿ ಕಲಿತು ಬಂದವರು. ಅವರದು ಇಂಗ್ಲಿಷ್ ಗಂಟೆ, ಸಂಜೆ ನಾಲ್ಕೂವರೆ. ಮಧ್ಯೆ ಆರೂವರೆ ಗಂಟೆ. ಮೊಟ್ಟೆಗಳು ಅಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲ ಮಾಯ. ಯಂತ್ರ ನಿಜ ಹೇಳಿತು. ಸುಳ್ಳ ಅನ್ನಿಸಿಕೊಂಡಿತು.

ಮೇ 31, ಶುಕ್ರವಾರ

ಡಾಕ್ಟರಮ್ಮನ ಮುಂದೆ ಪುಸ್ತಕ ಬಿಚ್ಚಿದೆ. ಬೆರಳು ಮಡಚಿ ಎಣಿಸಿದರು. ಮುಖ ಇಳಿಯಿತು.

ಮೇಷ್ಟ್ರು ಎಗರಿದರು. "ಲ್ಯಾಬ್ ಪುಸ್ತಕದಲ್ಲಿ ನಮ್ಮೂರ ಗಂಟೆ ಯಾವಳು ಬರೀತಾಳ್ರೀ? ಇವಳದೇ ತಪ್ಪು!"

"ಯಾವ ಗಂಟೆ ಬರೀಬೇಕು ಅಂತ ಯಾವತ್ತಾದ್ರೂ ಹೇಳಿದ್ರಾ? ಆರು ಗಂಟೆ ತಡ ಮಾಡಿದ್ದು ನಾನಾ, ನೀವಾ?"

ಮೇಷ್ಟ್ರು ಹೊರಗೆ ಹೋದ ಮೇಲೆ ಡಾಕ್ಟರಮ್ಮ ಮೆಲ್ಲಗೆ ಹೇಳಿದರು. "ನೋಡು ಮಿಜೆ. ಮೇಷ್ಟ್ರು ತಡ ಮಾಡಿದ್ರು ಅಂತ ಬರೆದ್ರೆ ವಿಚಾರಣೆ, ಸಮಿತಿ, ಎರಡು ತಿಂಗಳು. ಸಹಾಯಕಿ ಗಂಟೆ ತಪ್ಪಾಗಿ ಬರೆದಳು ಅಂತ ನೀನು ಸಹಿ ಹಾಕಿದ್ರೆ ಇವತ್ತೇ ಗಾಜಿನ ಫಲ ರದ್ದು, ಸೋಮವಾರ ಯಂತ್ರದ ಫಲ ಬರೆದ ಹೊಸ ಚೀಟಿ. ನಿನ್ನ ಕೆಲಸ ಮಾತ್ರ... ಉಳಿಸೋಕಾಗಲ್ಲ."

"ನಾನು ತಪ್ಪು ಬರೆದಿಲ್ಲ."

"ನಂಗೊತ್ತು."

ಗೊತ್ತಂತೆ! ಗೊತ್ತಿದ್ದೂ ಪೆನ್ನು ಮುಂದೆ ಹಿಡಿದರು.

ಎರಡು ತಿಂಗಳೊಳಗೇ ಅಕ್ಕನ ಹೆರಿಗೆ.

ಸಹಿ ಹಾಕಿದೆ. ಕಾಗದ ಹರಿಯುವಷ್ಟು ಒತ್ತಿ.

ಜೂನ್ 3, ಸೋಮವಾರ

ಹೊಸ ಚೀಟಿ ಕೊಟ್ಟೆ. ಅಕ್ಕ ಎರಡು ಸಲ ಓದಿಸಿ ಕೇಳಿ ಮಾತ್ರೆ ಜಗಿದಳು. ನೀರು ಕುಡಿದು ಬಾಯಿ ಒರೆಸಿಕೊಂಡಳು.

"ಆಸ್ಪತ್ರೇಲಿ ಹೇಳ್ತಿದ್ರು. ನೀನು ಗಂಟೆ ತಪ್ಪು ಬರೆದಿದ್ದಕ್ಕೇ ಇಷ್ಟು ದಿನ ಆಯ್ತಂತೆ. ಹೌದೇನೇ?"

ಇಲ್ಲ ಅಂದರೆ, ಆ ತಪ್ಪಿನ ಮೇಲೇ ನಿಂತ ಈ ಚೀಟಿಯನ್ನೂ ನಂಬುವುದಿಲ್ಲ ಇವಳು. ಇನ್ನೊಂದು ಮಾತ್ರೆ ಬಾಕಿ ಇದೆ.

"ಹೌದು" ಅಂದೆ.

ಇವಳ ಮುಂದೆ ಇದು ನನ್ನ ಮೊದಲ ಸುಳ್ಳು. ಈ ದಿನಚರಿಯಲ್ಲಾದರೂ ಸರಿಯಾಗಿ ಇರಲಿ. ಅವತ್ತು ಗಾಜು ತಯಾರಾದಾಗ ಸೂರ್ಯ ಹುಟ್ಟಿ ನಾಲ್ಕು ಗಂಟೆಯಾಗಿತ್ತು. ನಾನು ಬರೆದದ್ದು ನಾಲ್ಕೇ.