ಎರಡನೇ ಷರತ್ತು

ಗುರುವಾರ, ೧೪ನೇ ತಾರೀಖು
ಲಾಂಡ್ರಿ ವಿಭಾಗ, ಮಧ್ಯಾಹ್ನದ ಬಿಡುವು

ಮುದ್ದು ಮಗಳಿಗೆ,

ನಿನ್ನ ಎರಡು ಕಾಗದಗಳೂ ಕೈಸೇರಿವೆ. ಮೂರು ವಾರ ಉತ್ತರ ಬರೆಯದೆ ಕೂತ ಅಮ್ಮನ ಮೇಲೆ ಸಿಟ್ಟು ಬಂದಿರುತ್ತದೆ, ಬರಲಿ. ‘ಇಲ್ಲಿ ನಾನು ಕ್ಷೇಮ’ ಎಂಬ ಸಾಲಿನಿಂದ ಶುರು ಮಾಡಲು ಎರಡು ಸಲ ಕೂತೆ, ಎರಡು ಸಲವೂ ಹರಿದು ಹಾಕಿದೆ. ಮೈಗೇನೂ ಆಗಿಲ್ಲ. ಮಂಡಿ ನೋವು ಇದ್ದದ್ದೇ. ಇಸ್ತ್ರಿ ಯಂತ್ರದ ಮುಂದೆ ಮೂವತ್ತೈದು ವರ್ಷ ನಿಂತ ಮಂಡಿ ನೋಯದೆ ಹಾಡು ಹೇಳುತ್ತದೆಯೆ? ಅಳಿಯನ ಕೆಮ್ಮು ಕಡಿಮೆಯಾಯಿತೆ? ನಿನ್ನ ಕೆಲಸ ಖಾಯಂ ಆದ ಸುದ್ದಿ ಓದಿ ಇಲ್ಲಿ ಎಲ್ಲರಿಗೂ ಟೀ ಕುಡಿಸಿದೆ.

ಈಗ ನನ್ನ ಸುದ್ದಿ. ಮೊದಲಿನಿಂದ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ.

ನಮ್ಮ ಆಸ್ಪತ್ರೆಯ ಮೂರನೇ ವಾರ್ಡಿನಲ್ಲಿ ಒಬ್ಬ ಆಯಾ ಇದ್ದಾಳೆ, ಗಂಡ ಬಿಟ್ಟುಹೋದವಳು. ಅವಳಿಗೆ ನಾಲ್ಕು ವರ್ಷದ ಮಗಳು. ದುಂಡು ಮುಖ, ಒಂದು ಕಡೆ ನಿಲ್ಲದೆ ಉರುಳುತ್ತಲೇ ಇರುತ್ತಾಳೆ, ಅದಕ್ಕೇ ನಾವೆಲ್ಲ ಅವಳನ್ನು ಬಟಾಣಿ ಎನ್ನುತ್ತೇವೆ. ನೋಡಿಕೊಳ್ಳಲು ಯಾರೂ ಇಲ್ಲದ್ದರಿಂದ ಅವಳಮ್ಮ ಅವಳನ್ನು ಕೆಲಸಕ್ಕೆ ಕರೆತರುತ್ತಿದ್ದಳು. ಇವಳೊಬ್ಬಳೇ ಅಲ್ಲ. ಹನ್ನೊಂದು ಮಕ್ಕಳು ಹೀಗೆ ಕೊಳೆಬಟ್ಟೆಯ ಗಂಟುಗಳ ನಡುವೆ, ಮೆಟ್ಟಿಲ ಕೆಳಗೆ ಬೆಳೆಯುತ್ತಿದ್ದವು. ನೆಲಮಹಡಿಯಲ್ಲಿ ‘ಮಕ್ಕಳ ಕೋಣೆ’ ಎಂದು ಬೋರ್ಡು ಹಾಕಿದ ಕೋಣೆಯೊಂದಿದೆ. ಹನ್ನೆರಡು ವರ್ಷದಿಂದ ಅದಕ್ಕೆ ಬೀಗ. ಒಳಗೆ ಮುರಿದ ಮಂಚಗಳು ಹಾಯಾಗಿ ಮಲಗಿವೆ.

ಆವತ್ತು ಬಟಾಣಿಯ ಅಮ್ಮ ಸ್ಕ್ಯಾನಿಂಗ್ ಕೋಣೆಯ ನೆಲ ಒರೆಸುತ್ತಿದ್ದಳು. ಹೊಟ್ಟೆಯ ಮೇಲೆ ಆಡಿಸುತ್ತಾರಲ್ಲ, ವೈರು ಕಟ್ಟಿದ ಹಿಡಿ, ಟೆಕ್ನಿಷಿಯನ್ ಅದನ್ನು ಕೊಕ್ಕೆಗೆ ಸಿಕ್ಕಿಸದೆ ಮಂಚದ ಮೇಲೆ ಬಿಟ್ಟು ಹೊರಗೆ ಹೋಗಿದ್ದ. ಬಟಾಣಿಗೆ ಅದು ಫೋನು. ಕಿವಿಗಿಟ್ಟುಕೊಂಡು, ಹಲೋ ಅಪ್ಪ, ಊಟ ಆಯ್ತಾ, ಯಾವಾಗ ಬರ್ತೀಯ ಎಂದು ವಿಚಾರಿಸುತ್ತಾ ಕೂತಿದ್ದಳಂತೆ. ಬಾಗಿಲಿಗೆ ಬಂದ ಟೆಕ್ನಿಷಿಯನ್ ಕಿರುಚಿದ. ಮಗು ಬೆಚ್ಚಿತು. ಹಿಡಿ ನೆಲಕ್ಕೆ ಬಿದ್ದು ಒಡೆಯಿತು.

ಅದರ ಬೆಲೆ ಎಷ್ಟು ಗೊತ್ತೆ? ಅವಳಮ್ಮನ ಮೂರು ವರ್ಷದ ಸಂಬಳ. ಮಗು ಯಾರದೋ ನಷ್ಟವೂ ಅವರದೇ ಎಂದು ಸೂಪರಿಂಟೆಂಡೆಂಟ್ ತೀರ್ಪು ಕೊಟ್ಟರು. ಆರು ವರ್ಷ ಅರ್ಧ ಸಂಬಳ ಕಡಿತ. ಅಂದರೆ ಬಟಾಣಿ ಶಾಲೆಗೆ ಸೇರಿ, ನಾಲ್ಕನೇ ಕ್ಲಾಸು ಮುಗಿಸುವ ತನಕ ಅವಳಮ್ಮ ಅರ್ಧ ಹೊಟ್ಟೆಯಲ್ಲಿ ನೆಲ ಒರೆಸಬೇಕು. ಅವಳು ಎದುರಾಡಲಿಲ್ಲ. ಕಡಿತ ಮಾಡಿಕೊಳ್ಳಿ, ಕೆಲಸದಿಂದ ಮಾತ್ರ ತೆಗೆಯಬೇಡಿ ಎಂದು ಬೇಡಿಕೊಂಡಳು.

ನಮ್ಮ ನೌಕರರ ಸಂಘದ ಸಭೆಯೇನೂ ಒಮ್ಮತದಿಂದ ಎದ್ದು ನಿಲ್ಲಲಿಲ್ಲ. ಆಂಬುಲೆನ್ಸ್ ಡ್ರೈವರ್ ಖಡಕ್ಕಾಗಿ ಹೇಳಿದ, ತನ್ನ ಮಗ ಪಕ್ಕದ ಮನೆಯವರ ಕಾರಿನ ಗಾಜು ಒಡೆದಾಗ ತಾನು ತೆತ್ತಿಲ್ಲವೆ, ಹೆತ್ತವರಲ್ಲದೆ ಬೀದಿಯವರು ತೆರುತ್ತಾರೆಯೆ ಎಂದು. ಅವನ ಮಾತಿನಲ್ಲಿ ನ್ಯಾಯವಿಲ್ಲವೆಂದಲ್ಲ. ನಾನೆದ್ದು ಕೇಳಿದೆ. ನಿನ್ನ ಮಗ ಆಡಲಿಕ್ಕೆ ಹೋಗಿದ್ದ. ಈ ಮಗು ಸ್ಕ್ಯಾನಿಂಗ್ ಕೋಣೆಗೆ ಬಂದದ್ದು ಯಾಕೆ? ಮಕ್ಕಳ ಕೋಣೆಗೆ ಬೀಗ ಜಡಿದವನು ಯಾರು? ಅವನಿಗೆ ಬಂದ ಜ್ವರಕ್ಕೆ ಇವಳಿಗೆ ಬರೆಯೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ ಆಡಳಿತದವರದು, ನಮ್ಮದಲ್ಲ. ಆ ಬೀಗದ ಕೈ ಯಾರ ಜೇಬಿನಲ್ಲಿದೆಯೋ ಅವರು ತೆರಲಿ. ಸಭೆ ಚಪ್ಪಾಳೆ ತಟ್ಟಿತು. ಡ್ರೈವರೂ ತಟ್ಟಿದ.

ನಾಲ್ಕು ದಿನ ಗೇಟಿನ ಮುಂದೆ ಕೂತೆವು. ಒಂದು ಬೆಡ್‌ಶೀಟೂ ಒಗೆಯಲಿಲ್ಲ. ನಮ್ಮ ಅಧ್ಯಕ್ಷ ನಿನಗೆ ಗೊತ್ತಲ್ಲ, ಮೈಕು ಇಲ್ಲದೆ ಮೂರು ಬೀದಿಗೆ ಕೇಳುವ ಮನುಷ್ಯ, ಅದಕ್ಕೇ ಅವನ ಹೆಸರು ಮೈಕಣ್ಣ. ಅವನ ಗಂಟಲು ಹರಿಯಿತು, ಆಡಳಿತ ಮಣಿಯಿತು. ಐದನೇ ದಿನ ಒಪ್ಪಂದ. ಮೊದಲ ಷರತ್ತು: ಆಯಾಳಿಂದ ಏನೂ ವಸೂಲು ಮಾಡತಕ್ಕದ್ದಲ್ಲ, ನಷ್ಟ ಆಸ್ಪತ್ರೆಯದೇ. ಅದನ್ನು ಓದಿ ನನ್ನ ಕಣ್ಣು ಮಂಜಾಯಿತು. ಎರಡನೇ ಷರತ್ತು: ಇನ್ನು ಮುಂದೆ ಮಗುವನ್ನು ಆವರಣದೊಳಗೆ ಕರೆತಂದ ನೌಕರರನ್ನು ಆ ದಿನವೇ ವಜಾ ಮಾಡಲಾಗುವುದು, ಸಂಘ ಇದಕ್ಕೆ ಬದ್ಧ. ಮಕ್ಕಳ ಕೋಣೆಯ ವಿಷಯ ಪರಿಶೀಲನೆಯಲ್ಲಿದೆ. ಸಂಘದ ಕಾರ್ಯದರ್ಶಿಯಾಗಿ ನಾನು ಸಹಿ ಮಾಡಿದೆ. ಎಷ್ಟೋ ಕಾಗದ ನೋಡಿದ್ದೇವೆ, ಯಾರು ಪಾಲಿಸುತ್ತಾರೆ ಅಂದುಕೊಂಡೆ. ಹೂಂ ಅಂದೆ. ಮಗಳೇ, ಪೆನ್ನು ಮುಚ್ಚಿ ಎಲ್ಲರಿಗೂ ಸಿಹಿ ಹಂಚಿದೆ.

ಮಾರನೆಯ ದಿನದಿಂದ ಗೇಟಿನಲ್ಲಿ ಕಾವಲು. ಮಕ್ಕಳು ಕಾಣಲಿಲ್ಲ. ಹನ್ನೊಂದು ಮಕ್ಕಳು ಒಂದೇ ದಿನಕ್ಕೆ ಎಲ್ಲಿಗೆ ಹೋದವು ಎಂದು ನಾನು ಕೇಳಲಿಲ್ಲ. ಗೆಲುವಿನ ಗುಂಗಿನಲ್ಲಿದ್ದೆ.

ಮೊನ್ನೆ ಮಂಗಳವಾರ ಎಲ್ಲರಿಗೂ ಹಂಚಲು ಸಂಬಳದ ಚೀಟಿಗಳು ನನ್ನ ಕೈಗೆ ಬಂದವು. ಆಯಾಳದ್ದರಲ್ಲಿ ಕಡಿತದ ಜಾಗ ಖಾಲಿ. ನನ್ನ ಪಾಳಿ ಮುಗಿದಿತ್ತು, ಅವಳದು ಸಂಜೆಯ ತನಕ. ಈ ಚೀಟಿಯನ್ನು ಅವಳ ಮನೆ ಬಾಗಿಲಿಗೇ ಸಿಕ್ಕಿಸಿ ಬರೋಣ, ಬಂದವಳು ನೋಡಿ ಕುಣಿಯಲಿ ಎಂಬ ಹುಚ್ಚು ಹುರುಪಿನಲ್ಲಿ ಹೊರಟೆ. ಓಣಿಯ ಕೊನೆಯ ಒಂದೇ ಕೋಣೆಯ ಮನೆ. ಹೊರಗೆ ಬೀಗ. ಚೀಟಿಯನ್ನು ಬಾಗಿಲ ಕೆಳಗೆ ತೂರಿಸಲು ಬಗ್ಗಿದೆ. ಆ ಕಡೆಯಿಂದ ಯಾರೋ ಚೀಟಿಯನ್ನು ನನ್ನ ಕಡೆಗೇ ವಾಪಸು ತಳ್ಳಿದರು.

ಯಾರೆಂದು ಕೇಳಿದೆ. ಪಿಸುಮಾತಿನಲ್ಲಿ ಉತ್ತರ ಬಂತು.

“ಅಮ್ಮ ಇಲ್ಲ. ನಾನು ಏನೂ ಮುಟ್ಟಿಲ್ಲ ಅಜ್ಜಿ. ನೀರಿನ ಲೋಟನೂ ಮುಟ್ಟಿಲ್ಲ.”

ಕಿಟಕಿಯ ಸಂದಿನಿಂದ ನೋಡಿದೆ. ಪಾತ್ರೆ, ಬುಟ್ಟಿ, ಕನ್ನಡಿ ಎಲ್ಲವನ್ನೂ ಬಟಾಣಿಯ ಅಮ್ಮ ಅಟ್ಟದ ಮೇಲೆ ಏರಿಸಿಟ್ಟಿದ್ದಳು. ಬರೀ ನೆಲ. ನಡುವೆ ಒಂದು ಚಾಪೆ, ಬಟಾಣಿ ಆಗಲೇ ಓಡಿಹೋಗಿ ಅದರ ಮೇಲೆ ಕೂತಿದ್ದಳು, ಪಕ್ಕದಲ್ಲಿ ಪ್ಲಾಸ್ಟಿಕ್ ಲೋಟದಲ್ಲಿ ತುಂಬಿದ ನೀರು ಹಾಗೇ ಇತ್ತು. ಬೆಳಿಗ್ಗೆ ಏಳಕ್ಕೆ ಹಾಕಿದ ಬೀಗ. ಆಗ ಮಧ್ಯಾಹ್ನ ಎರಡೂವರೆ. ಕುಡಿಯೇ ಕಂದಾ ಎಂದೆ. ಅದು ತಲೆ ಅಲ್ಲಾಡಿಸಿತು. ಬಿದ್ದರೆ ಎಂದಿತು. ಉರುಳಾಡುವ ಆ ಬಟಾಣಿ, ನಾನು ಬೇಡಿಕೊಂಡರೂ ಚಾಪೆ ಬಿಟ್ಟು ಕದಲಲಿಲ್ಲ.

ಹೊಸ್ತಿಲ ಮೇಲೆ ಕೂತುಬಿಟ್ಟೆ. ಅವಳಮ್ಮ ಆರಕ್ಕೆ ಬಂದಳು. ನಾನು ಬೈಯಲು ಬಾಯಿ ತೆರೆದೆ. ಅವಳು ಬೀಗ ತೆಗೆಯುತ್ತಾ, ನನ್ನ ಮುಖ ನೋಡದೆ ಅಂದಳು:

“ದುಡ್ಡು ಯಾರು ಕೊಡಬೇಕು ಅಂತ ಕೇಳಿದ್ರಿ ಅಕ್ಕ, ಅವರು ಕೊಟ್ರು. ಮಗು ಎಲ್ಲಿರಬೇಕು ಅಂತ ಯಾರೂ ಕೇಳಲಿಲ್ಲ.”

ಚೀಟಿಯನ್ನು ಹೊಸ್ತಿಲ ಮೇಲಿಟ್ಟು ಬಂದೆ. ನಿನ್ನೆ ಒಬ್ಬೊಬ್ಬರನ್ನೇ ವಿಚಾರಿಸಿದೆ. ಹನ್ನೊಂದರಲ್ಲಿ ಏಳು ಮಕ್ಕಳು ಬೀಗದೊಳಗಿವೆ. ಯಾರೂ ನನಗೆ ಹೇಳಿರಲಿಲ್ಲ, ನನ್ನ ಸಹಿ ನೋಡಿದ್ದರಲ್ಲ.

ಮೈಕಣ್ಣನ ಹತ್ತಿರ ಹೋದೆ. ಒಪ್ಪಂದ ಹರಿಯೋಣ ಎಂದೆ. ಗೆದ್ದದ್ದನ್ನು ಹರಿದರೆ ಮೂರು ವರ್ಷದ ಸಂಬಳ ಮತ್ತೆ ಅವಳ ತಲೆಯ ಮೇಲೇ ಬೀಳುತ್ತದೆ, ನಿನಗೆ ಬುದ್ಧಿ ನೆಟ್ಟಗಿದೆಯಾ ಎಂದ. ಜೀವಮಾನದಲ್ಲಿ ಮೊದಲ ಸಲ ಮೆಲ್ಲಗೆ ಮಾತಾಡಿದ. ಅವನು ಹೇಳಿದ್ದು ನಿಜ.

ಅದಕ್ಕೆ ನಾನು ಹರಿಯುವುದಿಲ್ಲ. ಪಾಲಿಸುತ್ತೇನೆ. ನಾಳೆ ಬೆಳಿಗ್ಗೆ ಬಟಾಣಿಯ ಕೈ ಹಿಡಿದು ಗೇಟಿನೊಳಗೆ ಹೋಗುವವಳು ನಾನು, ಅವಳ ಅಮ್ಮನಲ್ಲ. ಬೀಗದೊಳಗಿನ ಉಳಿದ ಆರು ಮಕ್ಕಳನ್ನೂ ನಾನೇ ಕರೆದೊಯ್ಯುತ್ತೇನೆ. ಷರತ್ತಿನ ಪ್ರಕಾರ ಕರೆತಂದವರು ವಜಾ. ಸಹಿ ಮಾಡಿದವಳನ್ನೇ ಮೊದಲು ತೆಗೆಯಲಿ. ಮಕ್ಕಳ ಕೋಣೆಯ ಮುಂದೆ ಚಾಪೆ ಹಾಸಿ ಕೂರುತ್ತೇವೆ, ನಾನು ಮತ್ತು ಏಳು ಮಕ್ಕಳು. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿದೆ, ವಜಾ ಆದರೆ ಪಿಂಚಣಿ ಹೋಗುತ್ತದೆ. ನಿನ್ನ ತಲೆಗೆ ಭಾರವಾಗುತ್ತೇನೆ. ಮುದುಕಿಗೆ ಅರಳುಮರಳು ಎಂದು ಅಳಿಯನಿಗೆ ಹೇಳು, ಅವನು ನಗುತ್ತಾನೆ. ನಿನಗೆ ಬೇರೆಯವರಿಂದ ಗೊತ್ತಾಗುವ ಮೊದಲು ನಾನೇ ಹೇಳಬೇಕೆಂದು ಬರೆದೆ.

ನಿನ್ನ ಕೈ ಬಲವಾಗಿರಲಿ, ಮನೆ ತುಂಬಿರಲಿ, ಯಾರ ಮುಂದೆಯೂ ನಿನ್ನ ತಲೆ ಬಾಗದಿರಲಿ. ಇಬ್ಬರಿಗೂ ನನ್ನ ಮುತ್ತು.

ನಿನ್ನ,
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹೆದರಿ ಕೊನೆಗೆ ಇಟ್ಟದ್ದು. ನೀನು ಮನೆಯಲ್ಲಿ ಯಾವ ಬಾಗಿಲಿಗೂ ಚಿಲಕ ಹಾಕಗೊಡುವುದಿಲ್ಲವಂತೆ, ಅಳಿಯ ಹೇಳಿ ನಕ್ಕಿದ್ದ. ನಾನೂ ಅವನ ಜೊತೆ ನಕ್ಕೆ. ಆ ಮಕ್ಕಳ ಕೋಣೆಯನ್ನು ಆಸ್ಪತ್ರೆ ದಾನವಾಗಿ ಕೊಟ್ಟದ್ದಲ್ಲ, ನಲವತ್ತೊಂದು ದಿನ ಮುಷ್ಕರ ಮಾಡಿ ನಾವು ಪಡೆದದ್ದು. ಆಗ ನಿನಗೆ ಮೂರು ವರ್ಷ. ಆ ದಿನಗಳಲ್ಲಿ ಅಜ್ಜಿ ನಿನ್ನನ್ನು ನೋಡಿಕೊಂಡಳು ಎಂದು ಹೇಳುತ್ತಾ ಬಂದಿದ್ದೇನೆ. ಸುಳ್ಳು. ಅಜ್ಜಿ ತೀರಿಕೊಂಡು ಆಗಲೇ ವರ್ಷವಾಗಿತ್ತು. ನಲವತ್ತೊಂದು ದಿನವೂ ನಿನ್ನೊಬ್ಬಳನ್ನೇ ಮನೆಯೊಳಗೆ ಬಿಟ್ಟು, ಹೊರಗಿನಿಂದ ಬೀಗ ಹಾಕಿ, ಎಲ್ಲರ ಮಕ್ಕಳ ಪರವಾಗಿ ಭಾಷಣ ಮಾಡಲು ಹೋಗುತ್ತಿದ್ದೆ. ಮುಷ್ಕರ ಮುಗಿದ ಮೇಲೆ ನೀನು ಎರಡು ತಿಂಗಳು ಒಂದು ಮಾತೂ ಆಡಲಿಲ್ಲ. ಎಂಥ ಜಾಣೆ, ಎಷ್ಟು ಸುಮ್ಮನಿರುತ್ತಾಳೆ ಎಂದು ಎಲ್ಲರೂ ಹೊಗಳಿದರು. ನಾನೂ ಹೊಗಳಿದೆ.